ಷಡ್ಡಕನ ಚಂದ್ರ, ನನ್ನ ಮಬ್ಬು

ಹೊಟ್ಟೆಕಿಚ್ಚು ಪಡುವುದಕ್ಕೂ ಎದುರಿನವರು ನಮ್ಮ ಅಳತೆಯವರಾಗಿರಬೇಕು. ಮುಂಬಯಿಯಲ್ಲಿ ಯಾರೋ ಸಮುದ್ರಕ್ಕೆ ಮುಖ ಮಾಡಿ ಬಂಗಲೆ ಕಟ್ಟಿಸಿದ ಸುದ್ದಿ ಓದಿದರೆ ನನಗೇನೂ ಆಗುವುದಿಲ್ಲ. ಪೇಪರು ಮಡಿಸಿಟ್ಟು ಚಹಾ ಕುಡಿಯುತ್ತೇನೆ. ಆದರೆ ಷಡ್ಡಕ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದರೆ ಅವತ್ತು ನನಗೆ ಊಟ ಸೇರುವುದಿಲ್ಲ. ಹೆಂಡತಿಯ ತಂಗಿಗೆ ಗಂಡ ಅಂತ ಒಬ್ಬನನ್ನು ದೇವರು ಸೃಷ್ಟಿಸಿದ್ದೇ ಇದಕ್ಕಾಗಿ ಎಂದು ನನ್ನ ನಂಬಿಕೆ. ಒಂದೇ ಅತ್ತೆ, ಒಂದೇ ಪಂಕ್ತಿ, ಒಂದೇ ತುಪ್ಪದ ಗಿಂಡಿ. ಹೋಲಿಸಿ ನೋಡಲು ಇದಕ್ಕಿಂತ ಅನುಕೂಲ ಇನ್ನೆಲ್ಲಿದೆ? ನನ್ನ ಷಡ್ಡಕ ಮಲ್ಲಪ್ಪನಿಗೆ ಶೇಗಾಂವದಲ್ಲಿ ಬೀಜ-ಗೊಬ್ಬರದ ಅಂಗಡಿ. ನಾನು ಸೋನ್ಯಾಳದಲ್ಲಿ ಕನ್ನಡ ಶಾಲೆಯ ಮಾಸ್ತರ. ನಾನು ಹಿರಿಯ ಅಳಿಯ, ಅವನು ಕಿರಿಯ. ಇಷ್ಟಿದ್ದೂ ಕುಣಿಕೋಣೂರಿನ ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಾಗ ತುಪ್ಪದ ಗಿಂಡಿ ನನ್ನ ಹೋಳಿಗೆಯ ಮೇಲೆ ಹನಿಯುತ್ತದೆ, ಅವನ ಹೋಳಿಗೆಯ ಮೇಲೆ ಹರಿಯುತ್ತದೆ. ಇದನ್ನು ಹೆಂಡತಿ ಸುಮಿತ್ರಾಳಿಗೆ ಹೇಳಿದರೆ, "ಊಟಾ ಮಾಡ್ಲಾಕ ಹೋಗಿರ್ತೀರೋ, ಮಂದೀ ತಾಟ ನೋಡ್ಲಾಕ ಹೋಗಿರ್ತೀರೋ?" ಎಂದು ಕೇಳುತ್ತಾಳೆ. ಎರಡಕ್ಕೂ ಎಂದು ಹೇಳುವ ಧೈರ್ಯ ನನಗಿಲ್ಲ.

ದುರ್ಬೀನು ಕೊಂಡದ್ದು ಆಕಾಶದ ಮೇಲಿನ ಪ್ರೀತಿಯಿಂದ ಎಂದು ಶಾಲೆಯಲ್ಲಿ ಹೇಳಿಕೊಂಡಿದ್ದೇನೆ. ನಿಮ್ಮ ಮುಂದೆ ಸುಳ್ಳೇಕೆ? ಮಲ್ಲಪ್ಪನ ಹತ್ತಿರ ಇಲ್ಲದ ವಸ್ತುವೊಂದು ನನ್ನ ಹತ್ತಿರ ಇರಲಿ ಎಂದು ಕೊಂಡೆ. ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ಸಣ್ಣದು. ತಳದಲ್ಲಿ ಒಂದು ಕನ್ನಡಿ, ಮೇಲ್ಗಡೆ ಬದಿಯಲ್ಲಿ ಕಣ್ಣಿಡುವ ಮಸೂರ. ಆ ಮಸೂರ ಕೂರುವ ನಳಿಗೆಯನ್ನು ತಿರುಪಿನಿಂದ ಹಿಂದೆ ಮುಂದೆ ಸರಿಸಿದರೆ ಚಂದ್ರನ ಕುಳಿಗಳು ಎಣಿಸುವಷ್ಟು ಸ್ಪಷ್ಟವಾಗುತ್ತವೆ. ಕೆಲವು ದಿನ ನಾನು ಊರಿನಲ್ಲಿ ಎದೆಯುಬ್ಬಿಸಿ ಓಡಾಡಿದೆ. ಆಮೇಲೆ ಒಂದು ಸಂಜೆ ಮಲ್ಲಪ್ಪ ಬಂದ. "ಎಲ್ಲಿ, ನೋಡೂಣು ಸರೀರಿ ಮಾಸ್ತರ್ರ" ಎಂದವನೇ ನನ್ನ ಮಸೂರಕ್ಕೆ ತನ್ನ ಮೊಬೈಲು ಆನಿಸಿ ಒಂದು ಫೋಟೊ ಹೊಡೆದ. ಹಾಳಾದದ್ದು, ಎಷ್ಟು ಚೆನ್ನಾಗಿ ಬಂತು! ಮರುದಿನ ಅತ್ತೆಯ ಮನೆಯವರ ಎಲ್ಲ ಮೊಬೈಲುಗಳಲ್ಲೂ ಅದೇ ಚಂದ್ರ, ಕೆಳಗೆ "ನಮ್ಮ ಮಲ್ಲಪ್ಪ ತೆಗೆದದ್ದು." ನನ್ನ ಹೆಂಡತಿಯ ಸ್ಟೇಟಸ್ಸಿನಲ್ಲೂ ಅದೇ. ದುರ್ಬೀನು ಯಾರದು ಎಂದು ಒಬ್ಬರೂ ಕೇಳಲಿಲ್ಲ.

ಮೊಬೈಲಿಗೆ ಉತ್ತರವೆಂದರೆ ದೊಡ್ಡ ಕ್ಯಾಮೆರಾ. ಜತ್ತದಲ್ಲಿ ಮದುವೆ ಫೋಟೊ ತೆಗೆಯುವುದನ್ನು ಬಿಟ್ಟ ಒಬ್ಬರಿಂದ ಹಳೆಯ ಕ್ಯಾಮೆರಾ ತಂದೆ. ಅದರ ಲೆನ್ಸು ಬಿಚ್ಚಿ, ನಡುವೆ ಜೋಡಣೆಗೆಂದು ಒಂದು ಲೋಹದ ಬಳೆ ಹಾಕಿ, ಕಣ್ಣಿಡುವ ಮಸೂರದ ಜಾಗದಲ್ಲಿ ಕ್ಯಾಮೆರಾವನ್ನೇ ಕೂರಿಸಿದೆ. ಹಗಲಿನಲ್ಲೇ ಪರೀಕ್ಷೆ ಮಾಡಿಕೊಳ್ಳೋಣವೆಂದು ದೂರದ ಗುಡ್ಡದ ಮೇಲೆ ಗಾಳಿಗೆ ತಿರುಗುವ ಪವನಚಕ್ಕಿಯ ಕಡೆ ತಿರುಗಿಸಿದೆ. ಅಷ್ಟೆತ್ತರದ ಪವನಚಕ್ಕಿ ಪರದೆಯ ಮೇಲೆ ಮೊಸರು ಕಲಸಿದ ಹಾಗೆ ಕಂಡಿತು. ತಿರುಪು ತಿರುಗಿಸಿದೆ, ಮೊಸರು ಸ್ವಲ್ಪ ಗಟ್ಟಿಯಾಯಿತು. ಇನ್ನಷ್ಟು ತಿರುಗಿಸಿದೆ, ಇನ್ನೇನು ಸ್ಪಷ್ಟವಾಗಬೇಕು ಅನ್ನುವಷ್ಟರಲ್ಲಿ ನಳಿಗೆ ಪೂರ್ತಿ ಒಳಗೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಸುಮಿತ್ರಾ ಬಟ್ಟೆ ಒಣಹಾಕುತ್ತ ಇಣುಕಿ ನೋಡಿ, "ಮಂಜು ಭಾಳ ಚಲೋ ಬಂದೈತ್ರಿ" ಎಂದಳು. ಬೇಸಿಗೆಯ ಮಧ್ಯಾಹ್ನ ಅದು.

ಹುಡುಕಿ ಓದಿದ ಮೇಲೆ ರೋಗ ತಿಳಿಯಿತು. ಕನ್ನಡಿ ಚಿತ್ರ ಮೂಡಿಸುವ ಜಾಗ ನಳಿಗೆಯ ಬಾಯಿಯ ಹತ್ತಿರವೇ ಇದೆ. ಕ್ಯಾಮೆರಾದ ಕಣ್ಣು ಅದರ ಹೊಟ್ಟೆಯೊಳಗೆ ಎಲ್ಲೋ ಆಳದಲ್ಲಿದೆ. ಎಷ್ಟು ಒತ್ತಿದರೂ ಚಿತ್ರ ಇದ್ದಲ್ಲಿಗೆ ಕ್ಯಾಮೆರಾ ಮುಟ್ಟುವುದೇ ಇಲ್ಲ. ಇದಕ್ಕೆ ಎರಡು ಮದ್ದು: ನಡುವೆ ಇನ್ನೊಂದು ಮಸೂರ ಸೇರಿಸಿ ಚಿತ್ರವನ್ನು ಹೊರಗೆ ತಳ್ಳಬೇಕು, ಇಲ್ಲವೇ ತಳದ ಕನ್ನಡಿಯನ್ನೇ ಮೇಲಕ್ಕೆ ಎತ್ತಬೇಕು. ಮಸೂರದ ಮಾತು ಮಲ್ಲಪ್ಪನ ಕಿವಿಗೆ ಬಿತ್ತು. "ಪುಣೆದಿಂದ ನಾ ತರಸ್ತೀನ್ರಿ" ಎಂದು ಫೋನು ಮಾಡಿದ. ನನ್ನ ಚಂದ್ರನನ್ನು ಅವನ ಮಸೂರದಿಂದ ನೋಡುವುದೇ? ಬೇಡ ಎಂದೆ. ಉದ್ದನೆಯ ಬೋಲ್ಟು, ಸ್ಪ್ರಿಂಗು ತಂದು, ರಜೆಯ ದಿನಗಳನ್ನೆಲ್ಲ ಹಾಳು ಮಾಡಿಕೊಂಡು ಕನ್ನಡಿಯನ್ನು ಮೇಲೆತ್ತಿ ಕೂರಿಸಿದೆ. ಪವನಚಕ್ಕಿ ಮೂರೂ ರೆಕ್ಕೆಗಳ ಸಮೇತ ಪರದೆಯ ಮೇಲೆ ಬಂದು ನಿಂತಿತು. ನಾನು ಕುಣಿಯುವುದೊಂದು ಬಾಕಿ. ಆಗಲೇ ಇನ್ನೊಂದು ಸಿಹಿಸುದ್ದಿ ಹೊಳೆಯಿತು. ಕನ್ನಡಿ ಜಾಗ ಬಿಟ್ಟದ್ದರಿಂದ ಹಳೆಯ ಮಸೂರ ಹಾಕಿ ಕಣ್ಣಿಟ್ಟರೆ ಈಗ ಬರೀ ಮಬ್ಬು. ನಳಿಗೆಯನ್ನು ಪೂರ್ತಿ ಹೊರಗೆಳೆದರೂ ಮಬ್ಬೇ. ಅಂದರೆ ಮಲ್ಲಪ್ಪ ಇನ್ನು ಎಷ್ಟು ಸಲ ಮೊಬೈಲು ಆನಿಸಿದರೂ ಅವನಿಗೆ ಸಿಗುವುದು ಮೊಸರೇ. ಆ ರಾತ್ರಿ ಎಷ್ಟೋ ತಿಂಗಳ ಮೇಲೆ ಸುಖವಾಗಿ ನಿದ್ದೆ ಮಾಡಿದೆ.

ದೀಪಾವಳಿ ಬಂತು. ಪಾಡ್ಯದ ಮರುದಿನ ಅಕ್ಕತಂಗಿಯರು ತಮ್ಮನಿಗೆ ಆರತಿ ಬೆಳಗಲು ತವರಿಗೆ ಹೋಗುವ ಪದ್ಧತಿ; ಬೆನ್ನಿಗೆ ಅಳಿಯಂದಿರು ಇದ್ದೇ ಇರುತ್ತಾರೆ. ಅವತ್ತು ಸಂಜೆ ಬಿದಿಗೆಯ ಎಳೆ ಚಂದ್ರನನ್ನು ನೋಡಿ, ಉಟ್ಟ ಬಟ್ಟೆಯಿಂದ ಒಂದು ಎಳೆ ದಾರ ಕಿತ್ತು ಅವನ ಕಡೆ ಹಾಕಿ, ಹಳೆಯದನ್ನು ತೆಗೆದುಕೊಂಡು ಹೊಸದನ್ನು ಕೊಡು ಎಂದು ಬೇಡಿಕೊಳ್ಳಬೇಕು. ಅತ್ತೆಗೆ ಕಣ್ಣು ಮಂದವಾಗಿ ಕೆಲವು ವರ್ಷಗಳಿಂದ ಆ ಸಣ್ಣ ಚಂದ್ರ ಕಾಣುತ್ತಿರಲಿಲ್ಲ. ಮಂದಿ ತೋರಿಸಿದ ಕಡೆ ಸುಮ್ಮನೆ ದಾರ ಹಾಕುತ್ತಿದ್ದರು. ನಾನು ಮೊದಲೇ ಫೋನು ಮಾಡಿ, "ಅತ್ತಿ, ಈ ಸಲ ನಿಮಗ ಚಂದ್ರಾಮನ್ನ ಟೀವ್ಯಾಗ ತೋರಸ್ತೀನ್ರಿ" ಎಂದು ಮಾತು ಕೊಟ್ಟಿದ್ದೆ. ಮುದುಕಿಗೆ ಹಿಗ್ಗೋ ಹಿಗ್ಗು. ತುಪ್ಪದ ಗಿಂಡಿ ಇನ್ನು ನನ್ನ ಕಡೆ ವಾಲುವುದು ಖಂಡಿತ ಎಂದುಕೊಂಡೆ.

ಸಂಜೆ ಅಂಗಳಕ್ಕೆ ಟಿವಿ ತಂದಿಟ್ಟು ಕ್ಯಾಮೆರಾಕ್ಕೆ ತಂತಿ ಜೋಡಿಸಿದೆ. ಪಡುವಣದಲ್ಲಿ ಕೆಂಪು ಇನ್ನೂ ಆರಿರಲಿಲ್ಲ. ಗುಡ್ಡದ ಪವನಚಕ್ಕಿಗಳ ಮೇಲೆ ಉಗುರಿನ ಚೂರಿನಂತೆ ಚಂದ್ರ. ತಿರುಪು ತಿರುಗಿಸಿದ್ದೇ ತಡ, ಟಿವಿಯ ತುಂಬ ಬಂದು ನಿಂತ, ಅಂಚಿನ ಕುಳಿಗಳ ಸಮೇತ. ಮನೆಮಂದಿಯೆಲ್ಲ "ಅಯ್ಯಯ್ಯ!" ಎಂದರು. ನಾನು ಮಲ್ಲಪ್ಪನ ಮುಖ ನೋಡಿದೆ. ಇಷ್ಟು ದಿನ ನಾನು ಕನ್ನಡಿಯಲ್ಲಿ ಕಾಣುತ್ತಿದ್ದ ಮುಖ ಅದು. ಅತ್ತೆ ಸೆರಗಿನ ಎಳೆ ಕಿತ್ತು ಕೈಯಲ್ಲಿ ಹಿಡಿದರು. ಟಿವಿ ನೋಡಿದರು, ದಾರ ನೋಡಿದರು, ಮತ್ತೆ ಟಿವಿ ನೋಡಿದರು.

"ಮಾಸ್ತರ, ಟೀವಿಗೆ ದಾರಾ ಹ್ಯಾಂಗ ಹಾಕೂದ್ರಿ? ಚಂದ್ರಾಮಗ ಮುಟ್ಟಬೇಕಲ್ಲ. ಆ ಕೊಳವ್ಯಾಗ ನನ್ನ ಕಣ್ಣೀಲೇ ಒಮ್ಮಿ ತೋರಸ್ರಿ."

ಕ್ಯಾಮೆರಾ ಬಿಚ್ಚಿ ಹಳೆಯ ಮಸೂರ ಹಾಕಿದೆ. ಅತ್ತೆ ಬಗ್ಗಿ ಕಣ್ಣಿಟ್ಟು, "ಬರೇ ಬೆಳ್ಳಗ ಐತ್ರಿ" ಎಂದರು. ನಾನು ತಿರುಪು ತಿರುಗಿಸಿದೆ. ಅದು ಮಬ್ಬೇ ಎಂದು ನನಗೆ ಗೊತ್ತಿತ್ತು, ಮಬ್ಬಾಗಲಿ ಎಂದು ಹಿಗ್ಗಿದವನೇ ನಾನು. ಚಂದ್ರ ಗುಡ್ಡಕ್ಕೆ ಇಳಿಯುತ್ತಿದ್ದ. "ಹೋಗ್ಲಿ ಬಿಡ್ರಿ, ಈ ಕಣ್ಣಿಗೆ ಇನ್ನ ಕಾಣೂದಿಲ್ಲ" ಎಂದು ಅತ್ತೆ ಸಣ್ಣ ದನಿಯಲ್ಲಿ ಹೇಳಿದಾಗ ನನಗೆ ನಿಜವಾಗಿ ನಾಚಿಕೆಯಾಯಿತು. ಆಗ ಮಲ್ಲಪ್ಪ, "ತಡೀರಿ, ಹಿಂಗ ಮಾಡಿ ನೋಡೂಣು" ಎಂದು ಮಸೂರವನ್ನು ನಳಿಗೆಯಿಂದ ಒಂದಿಷ್ಟು ಮೇಲಕ್ಕೆ ಜಗ್ಗಿ ಬೆರಳಿನಲ್ಲಿ ಹಾಗೇ ಹಿಡಿದುಕೊಂಡ. ಅಷ್ಟೇ. ಅತ್ತೆ ಉಸಿರು ಬಿಗಿಹಿಡಿದು ನೋಡಿದರು.

"ಬಂದ್ಯಾ ನನ್ನಪ್ಪಾ! ಎಷ್ಟ ದಿನಾ ಆಗಿತ್ತು ನಿನ್ನ ನೋಡಿ!"

ದಾರ ಹಾಕಿ ಕೈಮುಗಿದರು. ಕಣ್ಣೊರೆಸಿಕೊಂಡು ಮಲ್ಲಪ್ಪನ ಬೆನ್ನು ಸವರಿದರು. ಆಮೇಲೆ, "ದುರ್ಬೀನ ಮಾಸ್ತರದ್ರೀ" ಎಂದು ಮಲ್ಲಪ್ಪನೇ ನೆನಪಿಸಿದ ಮೇಲೆ, ನನ್ನದನ್ನೂ ಸವರಿದರು. ಅವನು ಹಾಗೆ ಒಳ್ಳೆಯವನಾಗಿರುವುದೇ ನನಗೆ ಎಲ್ಲಕ್ಕಿಂತ ದೊಡ್ಡ ಸಂಕಟ.

ಎಲ್ಲರೂ ಒಳಗೆ ಹೋದ ಮೇಲೆ ನಾನೂ ಅಂಗಿಯ ತುದಿಯಿಂದ ಒಂದು ಎಳೆ ಕಿತ್ತೆ. ಕೊಡುವುದಕ್ಕೆ ನನ್ನ ಹತ್ತಿರ ಇರುವ ಹಳೆಯದೆಂದರೆ ಈ ಹೊಟ್ಟೆಕಿಚ್ಚೊಂದೇ. ತೆಗೆದುಕೋ ಮಹರಾಯಾ ಎಂದು ಮನಸಾರೆ ಚಂದ್ರನ ಕಡೆ ಹಾಕಿದೆ. ಮನಸ್ಸು ಹಗುರವಾಯಿತು. ಕೈಕಾಲು ತೊಳೆದು ಪಂಕ್ತಿಯಲ್ಲಿ ಮಲ್ಲಪ್ಪನ ಮಗ್ಗುಲಿಗೇ ನಗುತ್ತ ಕೂತೆ. ಅತ್ತೆ ಗಿಂಡಿ ಹಿಡಿದು ಬಂದರು. ನನ್ನ ಹೋಳಿಗೆಯ ಮೇಲೆ ತುಪ್ಪ ಸುರಿದರು, ಸುರಿದರು, ತಾಟಿನ ಅಂಚಿಗೆ ಹರಿದು ಬರುವ ತನಕ ಸುರಿದರು. ನನ್ನ ಕಣ್ಣು ತುಂಬಿ ಬಂತು. ಆಮೇಲೆ ಮಲ್ಲಪ್ಪನ ಮುಂದೆ ಹೋಗಿ ನಿಂತು, ಗಿಂಡಿಯನ್ನೇ ಅವನ ತಾಟಿನ ಪಕ್ಕ ಇಟ್ಟು, "ನಿಮಗ ಬೇಕಾದಷ್ಟ ಹಾಕ್ಕೋರಿ" ಎಂದರು. ಚಂದ್ರ ಹಳೆಯದನ್ನು ತೆಗೆದುಕೊಂಡದ್ದು ನಿಜ. ಹೊಸದನ್ನು ಇಷ್ಟು ಬೇಗ ಕೊಡುತ್ತಾನೆಂದು ನನಗೆ ತಿಳಿದಿರಲಿಲ್ಲ.