ಕಲ್ಲಿಗೊಂದು ತುಲನಾ ಪಟ್ಟಿ

ಡಾಕ್ಟರು ಚೀಟಿಯಲ್ಲಿ ಎರಡೇ ದಾರಿ ಬರೆದುಕೊಟ್ಟದ್ದು ಎಲ್ಲ ರಾದ್ಧಾಂತಕ್ಕೂ ಮೂಲ. ಗುಮಾಸ್ತನ ಮೂತ್ರನಾಳದ ಕೆಳತುದಿಯಲ್ಲಿ ಐದು ಮಿಲಿಮೀಟರಿನ ಕಲ್ಲೊಂದು ಮೂರು ವಾರದಿಂದ ಬಾಡಿಗೆದಾರನ ಹಾಗೆ ಜಾಗ ಬಿಡದೆ ಕೂತಿತ್ತು. ಹೊರಗಿನಿಂದ ಅಲೆ ಹೊಡೆದು ಪುಡಿ ಮಾಡುವುದೋ, ಸಣ್ಣ ದುರ್ಬೀನು ತೂರಿಸಿ ಲೇಸರಿನಿಂದ ಒಡೆಯುವುದೋ, ಅದೇ ದಿನ ಸಂಜೆ ನಾಲ್ಕು ಗಂಟೆಯೊಳಗೆ ಬಂದು ಹೇಳಬೇಕಿತ್ತು.

ಅವನಿಗೆ ಕಲ್ಲಿಗಿಂತ ಆಸ್ಪತ್ರೆಯ ಭಯ. ಆ ಫಿನಾಯಿಲ್ ವಾಸನೆ ಬಡಿದರೇ ಮೂಗು ಹಿಡಿದುಕೊಂಡು ಬಾಗಿಲ ಕಡೆ ತಿರುಗುತ್ತಿದ್ದ. ಅಲ್ಲಿ ಒಂದು ದಿನವೂ ಮಲಗದೆ ಪಾರಾದರೆ ಸಾಕಾಗಿತ್ತು.

ಆದರೆ ಅವನಿದ್ದದ್ದು ಖರೀದಿ ವಿಭಾಗದಲ್ಲಿ. ಅಲ್ಲಿ ಮೂರು ಕೊಟೇಶನ್ ತರಿಸಿ ತುಲನಾ ಪಟ್ಟಿ ಮಾಡದೆ ಗುಂಡುಸೂಜಿಯನ್ನೂ ಕೊಳ್ಳುವಂತಿಲ್ಲ.

"ಎರಡೇನಾ? ಎರಡಿಟ್ಕೊಂಡು ಹೇಗ್ರೀ ಹೋಲಿಸ್ತೀರಿ?" ಎಂದು ಚೀಟಿ ಕಿತ್ತುಕೊಂಡ ವಿಭಾಗದ ಮುಖ್ಯಸ್ಥರು ಹಾಳೆಯ ಮೇಲೆ ಮೂರು ಸಾಲು ಎಳೆದೇಬಿಟ್ಟರು. "ಮೂರನೇದು ನಂದು. ಬೆನ್ನಿಗೆ ಸಣ್ಣ ತೂತು, ಕಲ್ಲು ಸಲೀಸಾಗಿ ಹೊರಗೆ. ನಾನೇ ಮಾಡಿಸ್ಕೊಂಡಿದ್ದೀನಿ. ರಾಜಮಾರ್ಗ!"

"ಅಯ್ಯೋ, ಬೇಡಪ್ಪಾ ತಮ್ಮಾ," ಎಂದಳು ಟೈಪಿಸ್ಟ್ ಅಕ್ಕ. "ಅಲೆ ಹೊಡೆಸ್ಕೋ. ಕೊಯ್ಯೋದಿಲ್ಲ, ಹೊಲಿಯೋದಿಲ್ಲ. ನಾನು ಸಂಜೆಗೇ ಮನೇಲಿದ್ದೆ."

"ಇದ್ರಿ. ಆಮೇಲೆ ಒಂದು ತಿಂಗಳು ಚೂರು ಹೋಗ್ತಾನೇ ಇತ್ತು, ಮತ್ತೆ ಹೋಗಿ ಇನ್ನೊಂದ್ಸಲ ಹೊಡೆಸ್ಕೊಂಡ್ರಿ. ಅದನ್ನ ಯಾಕೆ ಹೇಳಲ್ಲ?" ಎಂದ ಉಗ್ರಾಣದವನು. "ಲೇಸರ್ರೇ ಸರಿ. ನಂದು ಒಂದೇ ಏಟಿಗೆ ಹೋಯ್ತು."

"ಒಳಗೆ ಒಂದು ವಾರ ಕೊಳವೆ ಬಿಟ್ಟಿದ್ರಲ್ಲ, ಆಗ ನೀವು ನಡೀತಿದ್ದದ್ದು ನಾನು ನೋಡಿಲ್ವಾ? ಬಾತುಕೋಳಿ!" ಎಂದು ಅಕ್ಕ ತಿರುಗೇಟು ಕೊಟ್ಟಳು.

ಕಾಲಮ್ಮುಗಳು ತುಂಬಿದವು: ನೋವು, ರಜೆ, ಮರಳಿ ಬರುವ ಸಂಭವ, ಹೀಗೆ ಒಟ್ಟು ಹದಿನಾಲ್ಕು. ಒಂದೊಂದು ಕಾಲಮ್ಮಿಗೂ ಅಕ್ಕ ಅವನ ಬಾಯಿಗೆ ಒಂದೊಂದು ಲೋಟ ನೀರು ಹಿಡಿದಳು. ಮೂರು ಗಂಟೆಗೆ ಮುಖ್ಯಸ್ಥರು ಗೆಲುವಿನ ನಗೆ ನಕ್ಕು ತೂತಿಗೇ ಸಹಿ ಹಾಕಿದರು. ನಾಳೆಯಿಂದ ಹತ್ತು ದಿನ ರಜೆಯನ್ನೂ ಅಲ್ಲೇ ಮಂಜೂರು ಮಾಡಿದರು. ಕಾರಣ: ಆಸ್ಪತ್ರೆ ವಾಸ.

ಗುಮಾಸ್ತ ಕುರ್ಚಿ ಬಿಟ್ಟೆದ್ದ. ಹೊಟ್ಟೆಯಲ್ಲಿ ಹದಿನಾಲ್ಕು ಲೋಟ ನೀರು ಕುಲುಕುತ್ತಿತ್ತು. ಶೌಚಾಲಯಕ್ಕೆ ಓಡಿದ. ಒಳಗಿನಿಂದ ಮೊದಲು ಒಂದು ಕಿರುಚಾಟ, ಆಮೇಲೆ ಪಿಂಗಾಣಿಯ ಮೇಲೆ 'ಟಿಣ್' ಎಂಬ ಸದ್ದು, ಆಮೇಲೆ ಸಿಳ್ಳೆ.

"ಬಿತ್ತು! ತಾನಾಗೇ ಬಿತ್ತು!"

"ತಾನಾಗೇ ಅಂತ ಸಾಲೇ ಇಲ್ವಲ್ರೀ," ಎಂದು ಮುಖ್ಯಸ್ಥರು ಮುಖ ಸಿಂಡರಿಸಿದರು. "ನಡೀರಿ ಆಸ್ಪತ್ರೆಗೆ, ಖುದ್ದು ಪರಿಶೀಲಿಸದೆ ನಾನು ಫೈಲು ಮುಚ್ಚಲ್ಲ."

ಡಾಕ್ಟರು ಸ್ಕ್ಯಾನ್ ಮಾಡಿ ನಕ್ಕರು. "ಪೂರ್ತಿ ಖಾಲಿ. ಮನೆಗೆ ಹೋಗಿ ಆರಾಮಾಗಿರಿ." ಗುಮಾಸ್ತನಿಗೆ ಬೆನ್ನ ಮೇಲಿನ ಮೂಟೆ ಇಳಿಸಿದಷ್ಟು ಹಗುರವಾಯಿತು. ಫಿನಾಯಿಲ್ ಕೂಡ ಒಂದು ಕ್ಷಣ ಘಮಘಮಿಸಿತು.

ಡಾಕ್ಟರು ತುಲನಾ ಪಟ್ಟಿಯನ್ನು ಓದಿದರು. "ಐದು ಮಿಲಿಮೀಟರಿಗೆ ಬೆನ್ನು ತೂತೇ? ಅದು ದೊಡ್ಡ ಕಲ್ಲಿಗೆ ಮಾತ್ರ. ಸ್ವಂತ ಅನುಭವ ಅಂತ ಬರೆದಿದೆಯಲ್ಲ, ಇದನ್ನು ಮಾಡಿಸಿಕೊಂಡವರು ಯಾರು?"

"ನಾನೇ," ಎಂದು ಮುಖ್ಯಸ್ಥರು ಎದೆ ಸೆಟೆಸಿದರು.

"ಹಾಗಾದ್ರೆ ಮಲಗಿ, ಈಗ ಹೇಗಿದೆ ನೋಡೇಬಿಡೋಣ."

ಬೇಡವೆಂದರೆ ಮರ್ಯಾದೆ ಹೋಗುತ್ತದೆ. ಮಲಗಿದರು. ಡಾಕ್ಟರು ಬೆನ್ನನ್ನು ಹುಡುಕಿದರು. ಗಾಯದ ಗುರುತು ಸಾಸಿವೆಯಷ್ಟೂ ಇರಲಿಲ್ಲ.

"ಅದು... ನನ್ನ ಭಾವಮೈದುನಂಗೆ ಮಾಡಿದ್ದು," ಎಂದರು ಮುಖ್ಯಸ್ಥರು ದಿಂಬಿನೊಳಗೆ ಮುಖ ಹುದುಗಿಸಿ.

"ಪರವಾಗಿಲ್ಲ," ಎಂದರು ಡಾಕ್ಟರು ಸ್ಕ್ಯಾನಿನ ಪರದೆ ನೋಡುತ್ತ. "ನಿಮ್ಮೊಳಗೂ ಒಂದು ಕಲ್ಲಿದೆ, ಇಪ್ಪತ್ತನಾಲ್ಕು ಮಿಲಿಮೀಟರು. ನಿಮಗೆ ತೂತೇ ಸರಿ. ನಾಳೆಯೇ ಬನ್ನಿ. ಜೊತೆಗೆ ಒಬ್ಬರು ಇರಬೇಕು."

ಮುಖ್ಯಸ್ಥರು ಗುಮಾಸ್ತನ ಕೈಯನ್ನು ಮುಳುಗುವವನ ಹಾಗೆ ಹಿಡಿದುಕೊಂಡರು. "ನಿಂಗೆ ಹತ್ತು ದಿನ ರಜೆ ಮಂಜೂರಾಗೇ ಇದೆಯಲ್ಲಪ್ಪಾ. ಆಸ್ಪತ್ರೆ ವಾಸ ಅಂತ ಬರೆದಿದೆ. ಯಾರ ಕಲ್ಲಿಗೆ ಅಂತ ಬರೆದಿಲ್ಲ."

ಮರುದಿನ ಬೆಳಿಗ್ಗೆ ಗುಮಾಸ್ತ ವಾರ್ಡಿನಲ್ಲಿ ಮುಖ್ಯಸ್ಥರ ಮಂಚದ ಪಕ್ಕದ ಸ್ಟೂಲಿನ ಮೇಲೆ ಮೂಗು ಹಿಡಿದುಕೊಂಡು ಕೂತಿದ್ದ. ಕಲ್ಲು ಹೋದ ಅವನ ಸೊಂಟ ಮಾತ್ರ ಒಂಚೂರೂ ನೋಯುತ್ತಿರಲಿಲ್ಲ.