ಗಟ್ಟಿಮೇಳದೊಳಗಿನ ಒಂಟಿ ಸೀನು

ಎಲ್ಲಿ ಮೈಕು ಇರುತ್ತೋ ಅಲ್ಲೊಂದು ಎಡವಟ್ಟು ಆಗಿಯೇ ಆಗುತ್ತೆ, ಆ ಎಡವಟ್ಟಿನ ಪಕ್ಕದಲ್ಲಿ ನಾನು ನಿಂತೇ ಇರ್ತೀನಿ. ಇದು ನನ್ನ ಜಾತಕದಲ್ಲೇ ಬರೆದಿರಬೇಕು. ಗುಬ್ಬಿಯಲ್ಲಿ ನಮ್ಮದು ವಾಲಗದ ಮನೆ. ಅಪ್ಪ ನಾದಸ್ವರ ಊದಿದರು, ನಾನೂ ಊದಿದೆ. ಅಪ್ಪ ಮದುವೆಮನೆಗಳಲ್ಲಿ ಮಾತ್ರ ಊದಿದರು. ನಾನು ತುಮಕೂರಿನ ಸ್ಟುಡಿಯೋದಲ್ಲೂ ಊದಿ ರೆಕಾರ್ಡಿಂಗ್ ಆರ್ಟಿಸ್ಟ್ ಅನ್ನಿಸಿಕೊಂಡೆ. ಅನ್ನಿಸಿಕೊಂಡೆ ಅಂದರೆ, ಹಾಗಂತ ನಾನೇ ಅಂದುಕೊಂಡೆ. ನನ್ನ ಹೆಂಡತಿ ಒಂದು ದಿನವೂ ಅನ್ನಲಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಅನುಮಾನದ ಪ್ರಾಣಿ. ಅಂಗಡಿಯವನು ತೆಂಗಿನಕಾಯಿ ಅಲ್ಲಾಡಿಸಿ ಕೊಟ್ಟರೂ ನಾನು ಇನ್ನೊಂದು ಸಲ ಅಲ್ಲಾಡಿಸಿ ನೋಡ್ತೀನಿ. ಹೆಂಡತಿ ಅಮೃತೂರು ಕಡೆಯವಳು, ಈ ವಿಷಯದಲ್ಲಿ ನನಗಿಂತ ಒಂದು ಕೈ ಮೇಲು. ಅವಳು ಕಾಯಿ ಬಿಟ್ಟು ನನ್ನನ್ನೇ ಅಲ್ಲಾಡಿಸಿ ನೋಡ್ತಾಳೆ. ಹೀಗಿರೋ ಇಬ್ಬರು ಒಂದೇ ಮನೆಯಲ್ಲಿ ಇಷ್ಟು ವರ್ಷ ಬಾಳಿದ್ದೇ ದೊಡ್ಡದು.

ಬಚ್ಚಲುಮನೆ ಆರ್ಟಿಸ್ಟ್

ತುಮಕೂರಿನ ಸ್ಟುಡಿಯೋ ಅಂದರೆ ದೊಡ್ಡದೇನಲ್ಲ. ಒಂದು ಮನೆಯ ಮಹಡಿ. ಗೋಡೆಗೆಲ್ಲ ಹಳೇ ಹಾಸಿಗೆ, ಮೊಟ್ಟೆ ಇಡೋ ಟ್ರೇಗಳನ್ನ ಹೊಡೆದಿದ್ದರು, ಹೊರಗಿನ ಸದ್ದು ಒಳಗೆ ಬರಬಾರದು ಅಂತ. ಮೊದಲನೇ ದಿನ ಒಂದು ದೇವರ ಹಾಡಿಗೆ ಊದೋಕೆ ಕರೆದಿದ್ದರು. ನಾನು ಒಂದು ಸಲ ಊದಿದ್ದೇ ತಡ, ಗಾಜಿನಾಚೆ ಕೂತಿದ್ದ ಸ್ಟುಡಿಯೋ ಯಜಮಾನರು ಕಿವಿಗೆ ಹಾಕಿಕೊಂಡಿದ್ದನ್ನ ಕಿತ್ತು ಬಿಸಾಕಿದರು.

"ಯಪ್ಪಾ, ನಿಮ್ದು ಜಾಸ್ತಿ ಆಯ್ತು. ಹಾಡೋರ ದನೀನೇ ಕೇಳ್ತಿಲ್ಲ. ಸ್ವಲ್ಪ ಹಿಂದೆ ಹೋಗಿ."

ಹಿಂದೆ ಹೋದೆ. ಇನ್ನೂ ಹಿಂದೆ ಅಂದರು. ಬಾಗಿಲ ಹತ್ತಿರ ಹೋದೆ. ಇನ್ನೂ ಅಂದರು. ಕೊನೆಗೆ ನನ್ನನ್ನ ಬಚ್ಚಲುಮನೆಯಲ್ಲಿ ಸ್ಟೂಲ್ ಹಾಕಿ ಕೂರಿಸಿ, ಅಲ್ಲಿಗೇ ಒಂದು ಮೈಕು ಎಳೆದು, ಬಾಗಿಲು ಹಾಕಿದರು. ನನಗೆ ಆಗಲೇ ಗುಮಾನಿ. ಇವರು ನಿಜವಾಗಲೂ ರೆಕಾರ್ಡ್ ಮಾಡ್ತಿದಾರೋ, ಇಲ್ಲ ನನ್ನ ಕಾಟ ತಪ್ಪಲಿ ಅಂತ ಕೂಡಿಹಾಕಿದಾರೋ?

ಕ್ಯಾಸೆಟ್ಟು ಬಂತು. ಮೇಲೆ ದೇವರ ಫೋಟೋ, ಪಕ್ಕದಲ್ಲಿ ಹಾಡಿದವರ ಫೋಟೋ. ನನ್ನ ಫೋಟೋನೂ ಇಲ್ಲ, ಹೆಸರೂ ಇಲ್ಲ. ಆಗಿನ್ನೂ ಹೊಸದಾಗಿ ಮದುವೆಯಾಗಿತ್ತು. ಹೆಂಡತಿ ಕ್ಯಾಸೆಟ್ಟನ್ನ ತಿರುಗಿಸಿ ಮುರುಗಿಸಿ ನೋಡಿದಳು.

"ನೀವೆಲ್ಲಿದೀರ ಇದ್ರಲ್ಲಿ?"

"ಒಳಗಿದೀನಿ ಕಣೇ. ಹಾಡಿನ ಹಿಂದೆ ಕೇಳುತ್ತಲ್ಲ, ಅದೇ ನಾನು. ಬಚ್ಚಲುಮನೇಲಿ ಕೂತ್ಕೊಂಡು ಊದಿದ್ದು."

ಅವಳು ನನ್ನನ್ನ ಮೇಲಿಂದ ಕೆಳಗೆ ನೋಡಿ ಅಂದಳು, "ಬಚ್ಚಲುಮನೇಲಿ ಕೂರೋಕೆ ತುಮಕೂರಿಗೆ ಯಾಕ್ರೀ ಹೋಗ್ಬೇಕಿತ್ತು? ನಮ್ಮನೇಲಿ ಇರ್ಲಿಲ್ವಾ?"

ಮೈಕಿನ ಮೇಲೆ ಟವೆಲ್ಲು

ಸ್ವಲ್ಪ ಕಾಲದಲ್ಲಿ ಸ್ಟುಡಿಯೋಗೆ ಒಬ್ಬರು ಕೀಬೋರ್ಡಿನವರು ಬಂದರು. ಅವರ ಪೆಟ್ಟಿಗೆಯಲ್ಲಿ ವೀಣೆ, ಕೊಳಲು, ತಬಲ ಎಲ್ಲ ಇದ್ದವು. ಒಂದು ಕೀ ಒತ್ತಿ, "ಇಗೋ, ನಾದಸ್ವರಾನೂ ಇದೆ" ಅಂದರು. ಕೇಳಿದರೆ ಹಸಿದ ಮೇಕೆ ಅರಚಿದ ಹಾಗಿತ್ತು. ಆದರೂ ನನಗೆ ಗುಮಾನಿ ಶುರುವಾಯ್ತು. ಅಭ್ಯಾಸಕ್ಕೆ ಅಂತ ನಾನು ಊದ್ತಾ ಇರುವಾಗ ಇವರು ಕದ್ದು ರೆಕಾರ್ಡ್ ಮಾಡಿ ಆ ಪೆಟ್ಟಿಗೆಗೆ ತುಂಬಿಕೊಂಡರೆ? ಆಮೇಲೆ ನನ್ನನ್ನ ಯಾರು ಕರೀತಾರೆ?

ಅವತ್ತಿಂದ ಟೀ ಕುಡಿಯೋಕೆ ಹೋದರೂ ನಾದಸ್ವರ ಬಗಲಲ್ಲೇ. ಅಭ್ಯಾಸ ಮಾಡುವಾಗ ಹೆಗಲ ಮೇಲಿನ ಟವೆಲ್ಲನ್ನ ನಾಲ್ಕು ಮಡಿಕೆ ಮಾಡಿ ಮೈಕಿನ ಮೇಲೆ ಹೊದಿಸಿಬಿಡ್ತಿದ್ದೆ. ಬಚ್ಚಲುಮನೆ ನೋಡಿ, ಯಾರಿಗೂ ಕಾಣ್ತಿರಲಿಲ್ಲ.

ಒಂದು ದಿನ ಅಸಲಿ ಟೇಕು ಶುರುವಾದಾಗ ಟವೆಲ್ ತೆಗೆಯೋದನ್ನೇ ಮರೆತೆ. ಮೈಮರೆತು ಊದಿದೆ. ಮುಗಿದ ಮೇಲೆ ಯಜಮಾನರು ಓಡಿಬಂದು ಕೈ ಹಿಡಿದುಕೊಂಡರು. "ಏನ್ ಹದ, ಏನ್ ಮೃದು! ಇಷ್ಟ್ ದಿನ ಯಾಕ್ರೀ ಹಿಂಗ್ ಊದ್ಲಿಲ್ಲ?"

ಮುಂದಿನ ವಾರ ಟವೆಲ್ ಇಲ್ಲದೆ ಊದಿದೆ. ಯಜಮಾನರ ಮುಖ ಗಂಟಾಯ್ತು. ಅದರ ಮುಂದಿನ ವಾರ ಟವೆಲ್ ಹಾಕಿದೆ, ಮತ್ತೆ ಹೊಗಳಿದರು. ಹೀಗೇ ನಡೀತಿರಬೇಕಾದರೆ ಒಂದು ದಿನ ಅವರು ಬಾಗಿಲ ಹತ್ತಿರ ನನ್ನನ್ನ ನಿಲ್ಲಿಸಿ ಮೆಲ್ಲಗೆ ಕೇಳಿದರು. "ತಪ್ಪು ತಿಳೀಬೇಡಿ. ಚೆನ್ನಾಗ್ ಊದೋ ದಿನ ಕುಡ್ಕೊಂಡ್ ಬರ್ತೀರೋ, ಇಲ್ಲ ಕೆಟ್ಟದಾಗ್ ಊದೋ ದಿನವೋ?"

ಡೋಲಿನವರ ಟ್ರೈನು

ಕ್ಯಾಸೆಟ್ಟು ಹೋಗಿ ಸೀಡಿ ಬಂತು, ಸೀಡಿ ಹೋಗಿ ಪೆನ್‌ಡ್ರೈವ್ ಬಂತು. ಯಜಮಾನರಿಗೆ ಒಂದು ಹೊಸ ಯೋಚನೆ ಬಂತು. ಮದುವೆಗೆ ಬೇಕಾದ ವಾದ್ಯವನ್ನೆಲ್ಲ ಸೇರಿಸಿ ಒಂದು ಸೆಟ್ ಮಾಡೋಣ ಅಂತ. ವರಪೂಜೆಗೆ ಒಂದು, ಧಾರೆಗೆ ಒಂದು, ತಾಳಿ ಕಟ್ಟುವಾಗ ಗಟ್ಟಿಮೇಳ. ನನ್ನ ಹೊಟ್ಟೆಗೆ ನಾನೇ ಕಲ್ಲು ಹಾಕ್ಕೊಳ್ತಿದೀನಾ ಅಂತ ಅನುಮಾನ ಬಂದರೂ, ಹೆಂಡತಿಗೆ ತೋರಿಸೋಕೆ ಒಂದು ಸಾಕ್ಷಿ ಆಗುತ್ತಲ್ಲ ಅಂತ ಒಪ್ಪಿಕೊಂಡೆ. ಇದರಲ್ಲಿ ಹಾಡೋರೇ ಇರಲ್ಲ, ಬರೀ ನಾನೇ!

ಗೋಡೆಯ ಹಾಸಿಗೆಗಳಲ್ಲಿ ಇಷ್ಟು ವರ್ಷದ ದೂಳು ಕೂತಿತ್ತು. ಗಟ್ಟಿಮೇಳದ ಮಧ್ಯೆ ನಾನು ಉಸಿರು ಎಳೆದುಕೊಳ್ಳೋಕೆ ಬಾಯಿಂದ ನಾದಸ್ವರ ತೆಗೆದೆ, ಡೋಲು ಭರ್ತಿ ನಡೀತಿತ್ತು, ಅಷ್ಟರಲ್ಲಿ ಸೀನು ಬಂದೇಬಿಡ್ತು. ನನ್ನ ಸೀನು ಯಾವತ್ತೂ ಜೋಡಿ. ಒಂದು ಬಂದರೆ ಹಿಂದೇನೇ ಇನ್ನೊಂದು. ಅದೂ ಅಂತಿಂಥ ಸೀನಲ್ಲ. ಮೊದಲು ಮೇಲಕ್ಕೆ ಒಂದು ಎಳೆತ, ಆಮೇಲೆ ಸ್ಫೋಟ, ಕೊನೆಗೆ ಒಂದು ನರಳಾಟ. ನಮ್ಮ ಬೀದಿಯ ನಾಯಿಗಳು ಅದಕ್ಕೆ ಎದ್ದು ಕೂರ್ತವೆ.

"ಇನ್ನೊಂದ್ ಟೇಕ್ ಮಾಡಾಣ" ಅಂದೆ. ಡೋಲಿನವರು ಆಗಲೇ ಡೋಲಿಗೆ ಬಟ್ಟೆ ಕಟ್ತಿದ್ದರು. "ನಿಟ್ಟೂರಿನ ಟ್ರೈನಿಗೆ ಟೈಮಾಯ್ತು ಕಣಣ್ಣ, ಬುಡು" ಅಂತ ಮೆಟ್ಟಿಲು ಇಳಿದೇಬಿಟ್ಟರು.

ಯಜಮಾನರು ಕಂಪ್ಯೂಟರ್ ಮುಂದೆ ಕೂತು ಏನೇನೋ ಎಳೆದು, ಕತ್ತರಿಸಿ, ಧೈರ್ಯ ಹೇಳಿದರು. "ಎರಡನೇ ಸೀನು ಪೂರ್ತಿ ತೆಗೆದಿದೀನಿ. ಮೊದಲನೇದು ಡೋಲಿನ ಜೊತೆ ಅಂಟ್ಕೊಂಡಿದೆ, ತೆಗೆದ್ರೆ ಡೋಲೂ ಹೋಗುತ್ತೆ. ಮದುವೆ ಗದ್ದಲದಲ್ಲಿ ಒಂದ್ ಸೀನು ಯಾರಿಗ್ರೀ ಕೇಳುತ್ತೆ?"

ನಮ್ಮ ಕಡೆ ಜೋಡಿ ಸೀನು ಶುಭ, ಒಂಟಿ ಸೀನು ಅಪಶಕುನ. ಪುಣ್ಯಾತ್ಮ ಶುಭವನ್ನ ಕತ್ತರಿಸಿ ಬಿಸಾಕಿ ಅಪಶಕುನವನ್ನ ಜೋಪಾನ ಮಾಡಿದ್ದ.

ನಿಟ್ಟೂರಿನ ಸೋದರಮಾವ

ಆ ಸೆಟ್ಟು ಮೊಬೈಲಿಂದ ಮೊಬೈಲಿಗೆ ಹಾರಿ ಜಿಲ್ಲೆಯೆಲ್ಲ ಹರಡಿತು. ಒಂದು ಸಲ ನಿಟ್ಟೂರಿನಲ್ಲಿ ಪರಿಚಯದವರ ಮದುವೆಗೆ ನಾನೊಬ್ಬನೇ ಹೋಗಿದ್ದೆ. ಪುರೋಹಿತರು ಗಟ್ಟಿಮೇಳ ಅಂದರು, ಮೈಕ್‌ಸೆಟ್ಟಿನವನು ಗುಂಡಿ ಒತ್ತಿದ. ನನ್ನದೇ ವಾದ್ಯ! ಎದೆ ಉಬ್ಬಿತು. ಮರುಕ್ಷಣ ನೆನಪಾಗಿ ಎದೆ ಕುಸಿಯಿತು. ಅಷ್ಟರಲ್ಲಿ ಸೀನು ಬಿತ್ತು.

ತಾಳಿ ಕಟ್ಟಿದ್ದೇನೋ ಆಯ್ತು, ಆದರೆ ಗಂಡಿನವರು ಹೆಣ್ಣಿನವರ ಮೂಗು ನೋಡ್ತಾರೆ, ಹೆಣ್ಣಿನವರು ಗಂಡಿನವರ ಮೂಗು ನೋಡ್ತಾರೆ. ಪಾಪ, ಹೆಣ್ಣಿನ ಸೋದರಮಾವನಿಗೆ ಶೀತವಾಗಿ ಮೂಗು ಕೆಂಪಗಿತ್ತು. ಎಲ್ಲ ಸೇರಿ ಅವರನ್ನ ಹೊರಗಡೆ ಜಗುಲಿಗೆ ಕರಕೊಂಡು ಹೋಗಿ ಕೂರಿಸಿದರು. "ನಾನಲ್ಲ ಕಣ್ರಪ್ಪಾ, ತಾಯಾಣೆ ನಾನಲ್ಲ" ಅಂತ ಅವರು ಗೋಳಾಡ್ತಿದ್ದರು. ನನಗೆ ಕರುಳು ಚುರ್ ಅಂತು. ಹತ್ತಿರ ಹೋಗಿ, "ನೀವಲ್ಲ ಅಂತ ನಂಗೊತ್ತು. ಸೀನಿದ್ದು ಸ್ಪೀಕರು" ಅಂದೆ. ಅವರು ನನ್ನನ್ನೇ ಅನುಮಾನದಿಂದ ನೋಡಿ ಸ್ವಲ್ಪ ದೂರ ಸರಿದು ಕೂತರು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. "ಬೇಕಾದ್ರೆ ಈಗ್ಲೇ ಕೇಳು, ಮೊಬೈಲಲ್ಲಿದೆ" ಅಂತ ತೆಗೆದರೆ, ಕೈ ಹಿಡಿದುಕೊಂಡಳು. "ಮದ್ವೆ ಇಲ್ದೆ ಮನೇಲಿ ಗಟ್ಟಿಮೇಳ ಹಾಕ್ಬಾರ್ದು. ಮದ್ವೆಗೆ ಬಂದ ಮಗ್ಳಿದಾಳೆ, ಅವಳ ಮದ್ವೆ ಮುಂದಕ್ಕೆ ಹೋಗುತ್ತೆ."

"ಹಂಗಾದ್ರೆ ನನ್ನ ಮಾತು ನಂಬು."

"ವಾಲಗ ಊದಿದ್ದೂ ನೀವೇ, ಸೀನಿದ್ದೂ ನೀವೇ. ಬಿಟ್ರೆ ತಾಳಿ ಕಟ್ಟಿದ್ದೂ ನಾನೇ ಅಂತೀರ!"

ಬೀಗರು ಮತ್ತು ಬೆಕ್ಕು

ಮಗಳಿಗೆ ಕುಣಿಗಲ್‌ನಲ್ಲಿ ಸಂಬಂಧ ಕೂಡಿಬಂತು. ಹುಡುಗ ಹೈಸ್ಕೂಲ್ ಮೇಷ್ಟ್ರು, ಬಂಗಾರದಂಥವನು. ಅವನ ತಂದೆ ಮಾತ್ರ ಶಕುನದ ಮನುಷ್ಯ. ಹೆಣ್ಣು ನೋಡೋಕೆ ಬರುವಾಗ ನಮ್ಮ ಬೀದಿ ತಿರುವಿನಲ್ಲಿ ಬೆಕ್ಕು ಅಡ್ಡ ಬಂತು ಅಂತ ಗುಬ್ಬಿ ಬಸ್‌ಸ್ಟ್ಯಾಂಡಿಗೆ ವಾಪಸ್ ಹೋಗಿ, ಕಾಫಿ ಕುಡಿದು, ಬೇರೆ ಬೀದಿಯಿಂದ ಬಂದರು. ಅಲ್ಲೂ ಅದೇ ಬೆಕ್ಕು ಕೂತಿತ್ತಂತೆ. ಆಮೇಲೆ ಕಣ್ಣು ಮುಚ್ಚಿಕೊಂಡು ಮಗನ ಕೈ ಹಿಡಿದು ಒಳಗೆ ಬಂದರು.

ಕೂತವರೇ ನನ್ನನ್ನ ಕೇಳಿದರು, "ತಾವು ರೆಕಾರ್ಡಿಂಗ್ ಆರ್ಟಿಸ್ಟ್ ಅಂತೆ?"

ನಾನು ಬಾಯಿ ತೆಗೆಯೋದರೊಳಗೆ ಅಡುಗೆಮನೆ ಬಾಗಿಲಿಂದ ಹೆಂಡತಿ ಉತ್ತರ ಕೊಟ್ಟಳು. "ಹಂಗಂತ ಅವ್ರು ಹೇಳ್ತಾರೆ."

ಕುಣಿಗಲ್ ಮುಹೂರ್ತ

ಮಗಳ ಧಾರೆಗೆ ನಾನೇ ಕೂರಬೇಕಲ್ಲ, ಊದೋಕಾಗಲ್ಲ. ಗುಬ್ಬಿಯ ನಮ್ಮ ತಂಡದವರನ್ನೇ ಕರೆಯೋಣ ಅಂದರೆ, ನಾನಿಲ್ಲ ಅಂತ ಕಳ್ಳಾಟ ಆಡ್ತಾರೇನೋ ಅಂತ ಗುಮಾನಿ. ಹೆಂಡತಿ ತನ್ನ ತವರು ಅಮೃತೂರಿನ ತಂಡ ಗೊತ್ತುಮಾಡಿಸಿದಳು. ಬೆಳಗ್ಗೆ ಅವರು ಛತ್ರಕ್ಕೆ ಬಂದರು. ಸುಮ್ಮನಿರಲಾರದೆ ನಾನು ತಂಡದ ಹಿರಿಯರನ್ನ ಕೇಳಿಬಿಟ್ಟೆ, "ನಿಜವಾಗ್ಲೂ ಊದ್ತೀರೋ, ಇಲ್ಲ ಪೆನ್‌ಡ್ರೈವ್ ಹಾಕ್ಬಿಟ್ಟು ಕೆನ್ನೆ ಉಬ್ಬಿಸ್ಕೊಂಡ್ ಕೂರ್ತೀರೋ?"

ಅವರು ಕೆಂಡವಾದರು. "ನಂಬ್ಕೆ ಇಲ್ದೋರ ಮನೇಲಿ ಊದೋದು ನಮ್ ತಾತನ ಕಾಲದಿಂದ್ಲೂ ಇಲ್ಲ" ಅಂದವರೇ ತಂಡ ಸಮೇತ ಕೆಳಗಡೆ ಊಟದ ಹಾಲಿಗೆ ಹೋಗಿ ಕೇಸರಿಬಾತ್ ಮುಂದೆ ಕೂತುಬಿಟ್ಟರು. ನಮ್ಮ ಭಾವಮೈದ ಹೋಗಿ ಬೇಡಿಕೊಂಡರೂ ಏಳಲಿಲ್ಲ.

ಮೇಲೆ ಧಾರೆ ಮುಗಿಯಿತು. ಹುಡುಗ ತಾಳಿ ಕೈಗೆ ತಗೊಂಡ. ಪುರೋಹಿತರು ಕೈ ಮೇಲೆತ್ತಿ "ಗಟ್ಟಿಮೇಳ! ಗಟ್ಟಿಮೇಳ!" ಅಂತ ಕೂಗಿದರು. ಊದೋರಿಲ್ಲ. ಛತ್ರದ ಮೈಕ್‌ಸೆಟ್ಟಿನವನು ಚುರುಕು, ತಕ್ಷಣ ಗುಂಡಿ ಒತ್ತಿದ.

ಮೊದಲ ಸ್ವರಕ್ಕೇ ನನಗೆ ಗೊತ್ತಾಗಿಹೋಯ್ತು. ನನ್ನ ಉಸಿರು ನನಗೆ ಗೊತ್ತಾಗಲ್ವಾ? ಇನ್ನು ಸ್ವಲ್ಪ ಹೊತ್ತಿಗೆ ಒಂಟಿ ಸೀನು ಬೀಳುತ್ತೆ. ಎದುರಿಗೆ ಬೆಕ್ಕಿಗೇ ಹೆದರೋ ಬೀಗರು. ನಡುವೆ ತಲೆ ತಗ್ಗಿಸಿ ಕೂತಿರೋ ನನ್ನ ಮಗಳು. ಎದ್ದು ಓಡಿ ಮೈಕ್‌ಸೆಟ್ ನಿಲ್ಲಿಸೋಣ ಅಂದರೆ, ಮುಹೂರ್ತದಲ್ಲಿ ಹೆಣ್ಣಿನ ಅಪ್ಪ ಮಂಟಪ ಬಿಟ್ಟು ಓಡಿದ ಅನ್ನಿಸಿಕೊಳ್ಳಬೇಕು. ಉಳಿದಿದ್ದು ಒಂದೇ ದಾರಿ. ಎರಡನೇ ಸೀನನ್ನ ನಾನೇ ಹಾಕಬೇಕು!

ದಿನಾ ಬೇಡ ಅಂದರೂ ಬರೋ ಸೀನು ಅವತ್ತು ಎಲ್ಲಿ ಅಡಗಿತ್ತೋ. ಹೋಮದ ಹೊಗೆಗೆ ಮೂಗು ಒಡ್ಡಿದೆ, ಬರೀ ಕಣ್ಣಲ್ಲಿ ನೀರು ಬಂತು. ಮಗಳನ್ನ ಕಳಿಸೋ ದುಃಖ ಅಂದುಕೊಂಡು ಯಾರೋ ಬೆನ್ನು ಸವರಿದರು. ಕೈಯಲ್ಲಿದ್ದ ದರ್ಭೆಯ ತುದಿಯನ್ನ ಮೂಗಿಗೆ ತೂರಿಸಿದೆ. ಪುರೋಹಿತರು ಮಂತ್ರದ ಮಧ್ಯೆಯೇ, "ರೀ ಯಜಮಾನ್ರೇ, ಅದು ಮೂಗಿಗಲ್ಲ!" ಅಂತ ಗದರಿದರು.

ಅಷ್ಟರಲ್ಲಿ ನಾಲ್ಕೂ ಸ್ಪೀಕರಿನಿಂದ ಒಟ್ಟಿಗೇ ಸಿಡಿಯಿತು ಸೀನು.

ಅಕ್ಷತೆ ಎತ್ತಿದ ಕೈಗಳು ಹಾಗೇ ನಿಂತವು. ಹುಡುಗ ತಾಳಿ ಹಿಡಿದುಕೊಂಡೇ ಅಪ್ಪನ ಮುಖ ನೋಡಿದ. ಬೀಗರು ನಡುಗಿದ ದನಿಯಲ್ಲಿ ಕೂಗಿದರು, "ತಡೀರಿ! ಯಾರದು ಒಂಟಿ ಸೀನು?"

ನನ್ನ ಪಕ್ಕದಲ್ಲಿದ್ದ ಹೆಂಡತಿ ಅತ್ತಿತ್ತ ನೋಡಲೇ ಇಲ್ಲ. ಸೀದಾ ನನ್ನ ಕಡೆ ತಿರುಗಿ, ಕಣ್ಣು ಇಷ್ಟಗಲ ಮಾಡಿ ಅಂದಳು, "ಇದು ನಮ್ಮನೆಯವ್ರ ಸೀನು!"

"ಅವ್ರು ಬಾಯಿ ಮುಚ್ಕೊಂಡು ಕೂತವ್ರಲ್ಲಮ್ಮ!" ಅಂದರು ಬೀಗರು.

"ಬಾಯಿ ಮುಚ್ಕೊಂಡಿರ್ಲಿ, ತೆಕ್ಕೊಂಡಿರ್ಲಿ, ಇದು ಇವ್ರದ್ದೇ. ದಿನಾ ಬೆಳಗ್ಗೆ ಈ ಸೀನಿಗೇ ನಾನು ಏಳೋದು, ನಂಗೊತ್ತಾಗಲ್ವಾ? ಒಂದ್ ನಿಮಿಷ ತಡ್ಕೊಳಿ ಬೀಗ್ರೇ, ಇನ್ನೊಂದು ಬತ್ತದೆ. ಇವ್ರು ಯಾವತ್ತೂ ಒಂಟಿ ಸೀನಿದವ್ರಲ್ಲ."

ಇಡೀ ಛತ್ರ ನನ್ನ ಮೂಗನ್ನೇ ನೋಡ್ತಾ ಕೂತಿತು. ಮಗಳು ಮಾತ್ರ ತಲೆ ಎತ್ತಿ, ಅಳು ಬರೋ ದನಿಯಲ್ಲಿ "ಅಪ್ಪಾ, ಸೀನಪ್ಪಾ" ಅಂದಳು. ಆ ಮಾತು ಕೇಳಿತೋ, ದರ್ಭೆ ಕೆಲಸ ಮಾಡಿತೋ, ಮೇಲಕ್ಕೊಂದು ಎಳೆತ ಎಳೀತು ನೋಡಿ! ಬಂತು. ಎಳೆತ, ಸ್ಫೋಟ, ನರಳಾಟ, ಮೂರೂ ಬಂದವು. ಎದುರಿಗಿದ್ದ ದೀಪ ಆರಿಹೋಗೋದು ಕೂದಲೆಳೆಯಲ್ಲಿ ತಪ್ಪಿತು.

"ಜೋಡಿ ಸೀನು!" ಬೀಗರು ಕುಣಿದಾಡಿಬಿಟ್ಟರು. "ಶುಭ! ಕಟ್ಟಪ್ಪಾ, ಕಟ್ಟು!" ಹುಡುಗ ತಾಳಿ ಕಟ್ಟಿದ. ಅಕ್ಷತೆ ಸುರಿಯಿತು. ಸೀನಿನ ಸದ್ದಿಗೆ ಗಾಬರಿಯಾಗಿ ಅಮೃತೂರಿನ ತಂಡದವರೂ ಕೇಸರಿಬಾತ್ ಬಿಟ್ಟು ಓಡಿ ಬಂದು, ಕೋಪ ಮರೆತು ಊದಿದರು. ನಾನು ಮಗಳ ತಲೆ ಮೇಲೆ ಕೈಯಿಟ್ಟು, ನಾಚಿಕೆ ಬಿಟ್ಟು ಅತ್ತೆ.

ಊಟದ ಪಂಕ್ತಿಯಲ್ಲಿ ನಾನು ಪೆನ್‌ಡ್ರೈವಿನ ಸೀನಿನ ಕಥೆಯೆಲ್ಲ ಬಿಚ್ಚಿ ಹೇಳಿದೆ. ಪಕ್ಕದಲ್ಲೇ ಕೂತಿದ್ದ ಬೀಗರು ಪ್ರೀತಿಯಿಂದ ಹೋಳಿಗೆಗೆ ತುಪ್ಪ ಬಡಿಸಿದರು. "ನಮ್ ಚಿಕ್ಕ ಮಗನ ಮದ್ವೇಲೂ ಇದೇ ಪೆನ್‌ಡ್ರೈವ್ ಹಾಕ್ಸಾಣ ಬೀಗ್ರೇ. ಎರಡನೇ ಸೀನಿಗೆ ನೀವು ತಪ್ಪಿಸ್ಕೊಳಂಗಿಲ್ಲ."

ಅವರು ಎದ್ದು ಹೋದ ಮೇಲೆ ಹೆಂಡತಿ ಎದುರಿಗೆ ಬಂದು ನಿಂತಳು. ಮುಖದಲ್ಲಿ ನಾನು ಯಾವತ್ತೂ ನೋಡದ ಒಂದು ಗೌರವ.

"ರೀ, ಹಂಗಾದ್ರೆ ಅಷ್ಟೊಂದು ಹಾಡಲ್ಲಿ ಊದಿದ್ದು ನಿಜವಾಗ್ಲೂ ನೀವೇನಾ?"

"ಇಷ್ಟ್ ವರ್ಷ ಬಾಯ್ ಬಡ್ಕೊಂಡಿದ್ದು ಅದೇ ಅಲ್ವೇನೇ! ನನ್ನ ವಾಲಗ ಕೇಳಿ ನಂಬ್ದೆ ಇದ್ದೋಳು, ಸೀನು ಕೇಳಿ ನಂಬಿದ್ಯಲ್ಲೇ?"

"ವಾಲಗ ಯಾರ್ ಬೇಕಾದ್ರೂ ಊದ್ಬೋದು ಕಣ್ರೀ" ಅಂದಳು, ಎಲೆಗೆ ಇನ್ನೊಂದು ಹೋಳಿಗೆ ಹಾಕ್ತಾ. "ಆ ಸೀನು ಇನ್ಯಾರಿಗ್ರೀ ಬರುತ್ತೆ?"