ಏಳು ಸಲ ಭಾಷೆ ಕೇಳಿದ ಕಂಪ್ಯೂಟರ್

ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ನಮ್ಮ ಮನೆಗೆ ಬಂದು ಒಂಬತ್ತು ವರ್ಷವಾಯಿತು. ಇವತ್ತಿನವರೆಗೆ ನನಗೆ ಒಂದು ಬೈಗುಳ ಬೈದಿಲ್ಲ. ನನ್ನ ದೂರೇ ಅದು. ಬೈದರೆ ತಿರುಗಿ ಬೈಯಬಹುದು. ಸುಮ್ಮನಿರುವವರನ್ನು ಏನು ಮಾಡುವುದು?

ನಾನು ಮೋಟಾರ್ ರಿಪೇರಿಯವನು. ಆರನೇ ಕ್ಲಾಸಿಗೇ ಶಾಲೆ ನನ್ನ ಕೈಬಿಟ್ಟಿತು (ಬಿಟ್ಟಿದ್ದು ನೀನೇ ಅಂತ ಮೇಷ್ಟರ ವಾದ). ಆದರೆ ಸುಟ್ಟುಹೋದ ಪಂಪು ನನ್ನ ಕೈ ಸೋಕಿದರೆ ಎದ್ದು ಕೂರುತ್ತದೆ. ಅಂಥವನಿಗೆ ಹೆಂಡತಿಯ ಹಳೇ ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹಾಕುವುದು ಯಾವ ಮಹಾ ಕೆಲಸ? ಭಾನುವಾರ ಸಂಜೆ ಆರಕ್ಕೆ ಅವಳು ಹನ್ನೆರಡು ಹೆಂಗಸರಿಗೆ ಅದರಲ್ಲೇ ಆನ್‌ಲೈನ್ ಹೊಲಿಗೆ ಕ್ಲಾಸು ಶುರು ಮಾಡುವವಳಿದ್ದಳು. ಜೀವಮಾನದ ಮೊದಲ ಕ್ಲಾಸು. ಹಳೇ ಸಿಸ್ಟಮ್‌ನಲ್ಲಿ ಅದು ನಡೆಯುವುದಿಲ್ಲವಂತೆ. ಹೊಸದನ್ನು ಹಾಕಲು ಹೋದರೆ, 'ಈ ಯಂತ್ರಕ್ಕೆ ಅರ್ಹತೆಯಿಲ್ಲ' ಎಂದಿತು. ನನ್ನ ಮನೆಯಲ್ಲಿ ಕೂತು, ನನ್ನ ಕರೆಂಟು ತಿಂದು, ನನ್ನ ಯಂತ್ರಕ್ಕೇ ಅರ್ಹತೆಯಿಲ್ಲ ಅನ್ನುವುದೇ!

ಬಾಮೈದ ಒಂದು ಪೆನ್‌ಡ್ರೈವ್ ತಂದುಕೊಟ್ಟ.

"ಭಾವ, ಆ ಅರ್ಹತೆ ತಪಾಸಣೆ ತಪ್ಪಿಸೋ ಹಾಗೆ ಮಾಡಿಟ್ಟಿದ್ದೀನಿ. ಚುಚ್ಚಿ ಸ್ಟಾರ್ಟ್ ಮಾಡಿ. ತೊಡಕಾದ್ರೆ ಫೋನ್ ಮಾಡಿ."

"ನಿನಗೆ ಫೋನ್ ಮಾಡೋ ದಿನ ಬಂದ್ರೆ ಅಂಗಡಿ ಬಾಗಿಲು ಹಾಕ್ತೀನಿ, ಹೋಗೋ!"

ಭಾನುವಾರ ಬೆಳಿಗ್ಗೆ ಚುಚ್ಚಿದೆ. ಯಾವ ಭಾಷೆ ಬೇಕು ಎಂದು ವಿನಯದಿಂದ ಕೇಳಿತು. ಆರಿಸಿದೆ. ಮುಕ್ಕಾಲು ಗಂಟೆ ಗಿರಗಿರ ಸುತ್ತಿ, ನೂರಕ್ಕೆ ನೂರು ಮುಗಿಯಿತೆಂದು ತೋರಿಸಿ, ತಾನೇ ಆರಿ, ತಾನೇ ಹತ್ತಿತು. ಹತ್ತಿದ್ದೇ ತಡ: ಯಾವ ಭಾಷೆ ಬೇಕು?

"ಈಗ ತಾನೇ ಹೇಳಿದ್ನಲ್ಲೋ!"

ಮತ್ತೆ ಮುಕ್ಕಾಲು ಗಂಟೆ. ಮತ್ತೆ ಅದೇ ಪ್ರಶ್ನೆ. ಮುಚ್ಚಳ ಬಿಚ್ಚಿ ಬ್ಲೋವರ್‌ನಲ್ಲಿ ಧೂಳು ಹಾರಿಸಿದೆ (ಧೂಳು ಹೋಗಿ ಹೆಂಡತಿಯ ಹೊಸ ಬಟ್ಟೆಗಳ ಮೇಲೆ ಕೂತಿತು). ವೈರು ಬದಲಿಸಿದೆ. ತಲೆಯ ಮೇಲೆ ಎರಡು ತಟ್ಟಿದೆ. ಐದನೇ ಸಲ ಭಾಷೆ ಕೇಳಿದಾಗ ನನ್ನ ಬಾಯಿಂದ ಬಂದ ಭಾಷೆ ಅದರ ಪಟ್ಟಿಯಲ್ಲಿರಲಿಲ್ಲ.

ಕಿಟಕಿಯ ಬಳಿ ಅತ್ತೆ ನನ್ನ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದರು.

"ಅಳಿಯಂದ್ರೇ, ನೀವು ಚುಚ್ಚಿದ ಆ ಕಡ್ಡಿ ಇನ್ನೂ ಅಲ್ಲೇ ಇರಬೇಕಾ?"

"ಅತ್ತೆ, ಇದು ಗುಂಡಿ ಹೊಲಿಯೋ ಕೆಲಸ ಅಲ್ಲ!"

ಅವರು ಹಲ್ಲಿನಿಂದ ದಾರ ಕಡಿದರು.

ಏಳನೇ ಸಲಕ್ಕೆ ನಾಲ್ಕು ಗಂಟೆ ದಾಟಿತ್ತು. ಹೆಂಡತಿಯ ದನಿ ಒದ್ದೆಯಾಗಿತ್ತು. "ರೀ, ತಮ್ಮನಿಗೆ ಫೋನ್ ಮಾಡ್ಲಾ? ಹನ್ನೆರಡು ಜನಕ್ಕೆ ಏನಂತ ಮುಖ ತೋರಿಸ್ಲಿ?"

"ಮಾಡು ನೋಡೋಣ!"

ಅತ್ತೆ ಸೂಜಿಗೆ ದಾರ ಪೋಣಿಸುತ್ತ ಹೇಳಿದರು: "ನಂಗೇನು ಗೊತ್ತಾಗುತ್ತೆ. ನೀವೇ ಅಂಗಡಿಯಲ್ಲಿ ಕೆಲಸದ ಹುಡುಗರಿಗೆ ಕೂಗ್ತಿರ್ತೀರಲ್ಲ, ಒಳಗಿನವರೆಗೂ ಕೇಳುತ್ತೆ. ಸ್ಟಾರ್ಟಿಂಗ್ ಕಾಯಿಲ್ ಕೆಲಸ ಮೋಟಾರ್ ಎಬ್ಬಿಸೋದಷ್ಟೇ, ಎದ್ದ ಮೇಲೆ ಅದು ಬಿಟ್ಕೋಬೇಕು, ಇಲ್ಲಾಂದ್ರೆ ಸುಟ್ಟುಹೋಗುತ್ತೆ ಅಂತ. ಅದಕ್ಕೇ ಆ ಕಡ್ಡಿ ಬಗ್ಗೆ ಕೇಳ್ದೆ."

ನನ್ನ ಕಿವಿ ಬಿಸಿಯಾಯಿತು. ಇಪ್ಪತ್ತಾರು ವರ್ಷದಿಂದ ಗಂಟಲು ಹರಿದುಕೊಂಡ ಪಾಠ!

"ಇಬ್ಬರೂ ಹೋಗಿ ನೀರು ತನ್ನಿ," ಎಂದೆ. (ಒಂದು ಲೋಟಕ್ಕೆ ಇಬ್ಬರು ಯಾಕೆ ಎಂದು ಯಾರೂ ಕೇಳಲಿಲ್ಲ.) ಅವರು ಅತ್ತ ಹೋದದ್ದೇ ಕಡ್ಡಿ ಕಿತ್ತು ಜೇಬಿಗೆ ಇಳಿಸಿ, ಯಂತ್ರ ಆರಿಸಿ ಹಚ್ಚಿದೆ. ಭಾಷೆಯ ಸುದ್ದಿಯೇ ಇಲ್ಲ. ಸ್ವಾಗತ ಎಂದಿತು!

ಹೆಂಡತಿ ಓಡಿ ಬಂದಳು. "ಅಯ್ಯೋ, ಬಂತು! ಹೇಗ್ರೀ ಮಾಡಿದ್ರಿ?"

"ಮೂಲದಲ್ಲೇ ದೋಷವಿತ್ತು. ಆಂತರಿಕ ಸಂಚಲನವನ್ನು ಶುದ್ಧೀಕರಿಸಿದೆ," ಎಂದೆ. (ಹಾಗೆಂದರೇನೆಂದು ನನಗೆ ಈಗಲೂ ತಿಳಿಯದು.)

ಅತ್ತೆ ಲೋಟ ಕೆಳಗಿಟ್ಟರು. "ಒಳ್ಳೇದಾಯ್ತು. ಅಳಿಯಂದ್ರೇ, ಜೇಬಲ್ಲಿರೋ ಕಡ್ಡಿ ನನ್ನ ಮಗನಿಗೆ ವಾಪಸ್ ಕೊಡಬೇಕು. ಮರೀಬೇಡಿ."

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆರಕ್ಕೆ ಕ್ಲಾಸು ಶುರುವಾಯಿತು. ನಡುನಡುವೆ ಅಳತೆಪಟ್ಟಿ ಬಾಯಿಗೆ ಅಡ್ಡ ಹಿಡಿದು ನಗು ನುಂಗುತ್ತಿದ್ದಳು. ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಚೆನ್ನಾಗಿ ಕಲಿಸುತ್ತಾಳೆ.

ಮರುದಿನ ನನ್ನ ಅಂಗಿಯ ಜೇಬಿಗೆ ಒಂದು ಮುಚ್ಚಳ ಬಂದಿತ್ತು, ಅದಕ್ಕೊಂದು ಗುಂಡಿ. ಅತ್ತೆಯದೇ ಹೊಲಿಗೆ. ನಾನು ಅವರಿಗೆ ಮೂರೇ ಮಾತು ಬಾಕಿ ಇದ್ದೇನೆ: ನೀವು ಹೇಳಿದ್ದೇ ಸರಿ. ದಿನಾ ಬೆಳಿಗ್ಗೆ ಅದು ಗಂಟಲವರೆಗೆ ಬರುತ್ತದೆ. ಇವತ್ತೂ ಬಂದಿತ್ತು. ಗುಂಡಿ ಹಾಕಿಕೊಂಡು ಅಂಗಡಿಗೆ ಹೋದೆ.